ಚೆಂಡೆಯವರು ಒಂದು ಹೇಳ್ತಾರೆ, ಅಜ್ಜಿ ಒಂದು ಹೇಳ್ತಾರೆ, ಮೊಬೈಲಿನವರು ನೂರು ಹೇಳ್ತಾರೆ. ಯಾರ ಮಾತು ಇಟ್ಟುಕೊಳ್ಳಲಿ?

ಕದ್ರಿಯ ಗೆಜ್ಜೆ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದರೂ ಪೂರ್ತಿ ಓದಿ ಹೇಳಿ.

ನನಗೆ 41 ವರ್ಷ, ಮಂಗಳೂರಿನಲ್ಲಿ ಆಫೀಸು ಕೆಲಸ. ಆರು ವರ್ಷದಿಂದ ಯಕ್ಷಗಾನ, ನಮ್ಮ ಕಡೆಯ ತೆಂಕುತಿಟ್ಟು ಶೈಲಿಯ ನಾಟ್ಯ ಕಲಿಯುತ್ತಿದ್ದೇನೆ, ವಾರಕ್ಕೆ ಎರಡು ಸಂಜೆ. ನಮ್ಮದು ಹೆಂಗಸರೇ ಸೇರಿ ಮಾಡಿಕೊಂಡ ಹವ್ಯಾಸಿ ತಂಡ. ಇಷ್ಟು ಸಮಯ ಬಾಲಗೋಪಾಲ, ಸಖಿ, ದೂತ ಅಂತ ಸಣ್ಣಪುಟ್ಟ ವೇಷ ಮಾಡಿಕೊಂಡಿದ್ದೆ. ಕಳೆದ ತಿಂಗಳು ಒಂದು ಜಾತ್ರೆಯಲ್ಲಿ ಮೊದಲ ಸಲ ಅಭಿಮನ್ಯು ಸಿಕ್ಕಿತು. ಪುಂಡುವೇಷ, ಅಂದರೆ ಚುರುಕು ಕುಣಿತದ ಎಳೆಯ ವೀರನ ವೇಷ.

ಮೂರು ತಿಂಗಳು ಅದೇ ಧ್ಯಾನ. ತೆಂಗಿನಕಾಯಿ ಹೆರೆಯುವಾಗಲೂ ಕಾಲು ತಾಳ ಹಾಕ್ತಿತ್ತು. ಆಟ ಮುಗಿಸಿ ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ) ಬಂದು ಕಿರೀಟ ಬಿಚ್ಚಿಟ್ಟಾಗ ತಲೆಗೆ ಸುತ್ತಿದ ಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ವೇಷದ ಕಸೆ ಬಿಗಿದ ಕಡೆ ಮೈಮೇಲೆ ಕೆಂಪು ಗೆರೆ. ಮನಸ್ಸು ಮಾತ್ರ ಹಗುರ ಇತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಯಾರೋ ಹಿಂದಿನಿಂದ ಮೊಬೈಲಿನಲ್ಲಿ ತೆಗೆದ 50 ಸೆಕೆಂಡಿನ ತುಣುಕು ಊರೆಲ್ಲ ತಿರುಗಿದೆ. ಅದರ ಕೆಳಗೆ ನೂರಕ್ಕೂ ಹೆಚ್ಚು ಮಾತು. ‘ಮುದಿ ಅಭಿಮನ್ಯು’ ಅಂತ ಒಬ್ಬರು. ‘ಹೆಂಗಸರಿಗೆ ಪುಂಡುವೇಷ ಯಾಕೆ, ಭರತನಾಟ್ಯ ಸಾಲದಾ’ ಅಂತ ಇನ್ನೊಬ್ಬರು. ‘ಕಾಲು ಚೆಂಡೆಗಿಂತ ಮುಂದೆ ಓಡ್ತಾ ಉಂಟು, ಇವಳಿಗೆ ಕಲಿಸಿದವ ಯಾರು’ ಅಂತ ಮತ್ತೊಬ್ಬರು. ಈ ಕೊನೆಯದ್ದು ಹೆಚ್ಚು ತಾಗಿತು, ಗುರುಗಳ ವರೆಗೆ ಹೋಯ್ತಲ್ಲ ಅಂತ. ಮನೆಯವರ ಗುಂಪಿನಲ್ಲಿ ಚಿಕ್ಕಮ್ಮ, ಅತ್ತಿಗೆ ಎಲ್ಲ ಸೇರಿ ‘ಸೂಪರ್, ಮೇಳದವರನ್ನೂ ಮೀರಿಸಿದಿ’ ಅಂತ ಬರೆದರು.

ಇದಲ್ಲದೆ ಎದುರೆದುರೇ ಸಿಕ್ಕಿದ ಮೂರು ಮಾತು ಉಂಟು. ಗುರುಗಳು ‘ಅಡ್ಡಿಲ್ಲ’ ಅಂದರು, ಅಷ್ಟೇ. ಅವತ್ತು ಚೆಂಡೆ ಬಾರಿಸಿದವರು ಚೌಕಿಯಲ್ಲಿ ಮೆಲ್ಲಗೆ, ‘ಅಕ್ಕ, ಮುಕ್ತಾಯಕ್ಕೆ ನಿಮ್ಮ ಕಾಲು ಅರ್ಧ ಪೆಟ್ಟು ಮುಂಚೆ ನಿಲ್ತದೆ, ನೋಡಿಕೊಳ್ಳಿ’ ಅಂದರು. ಮೂರನೆಯದ್ದು, ಮುಂದೆ ನೆಲದಲ್ಲಿ ಚಾಪೆ ಹಾಕಿ ಕೂತಿದ್ದ ಒಬ್ಬ ಅಜ್ಜಿ. ಕೈ ಹಿಡಿದು ನಿಲ್ಲಿಸಿ ತುಳುವಿನಲ್ಲಿ ಕೇಳಿದರು: ‘ತಾಯಿ ಅಷ್ಟು ಅಳುವಾಗ ನೀನು ಎತ್ತ ನೋಡ್ತಾ ಇದ್ದಿ ಮಗಾ?’

ನನಗೆ ಉತ್ತರ ಬರಲಿಲ್ಲ.

ಆ ಮೇಲೆ ಎರಡು ವಾರ ಅಭ್ಯಾಸಕ್ಕೆ ಹೋಗಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅದೇ ಮಾತುಗಳನ್ನು ಪುನಃ ಓದಿದ್ದೂ ಉಂಟು. ಎಲ್ಲರ ಮಾತಿಗೂ ಕಿವಿ ಕೊಟ್ಟರೆ ಗೆಜ್ಜೆ ಬಿಚ್ಚಿ ಇಡಬೇಕಷ್ಟೆ. ಯಾರದ್ದೂ ಬೇಡ ಅಂತ ಕೂತರೆ ಅಜ್ಜಿಯ ಮಾತೂ ಹೋಗ್ತದೆ. ನೀವೆಲ್ಲ ಹೇಗೆ ಆರಿಸ್ತೀರಿ? ಯಕ್ಷಗಾನದವರೇ ಆಗಬೇಕಂತಿಲ್ಲ, ಯಾವ ಕೆಲಸದವರಾದರೂ ಹೇಳಿ.

ಬಡಗಿನವ (ಕೋಟ)

ಹ್ವಾಯ್ ಅಕ್ಕ, ಬೇಜಾರ್ ಮಾಡ್ಕಣ್ಬೇಡಿ. ಮೊಬೈಲಿನವರ ಮಾತು ಮೊಬೈಲಿಗೇ ಇರಲಿ.

ನಮ್ಮೂರಿನ ಶಿವರಾಮ ಕಾರಂತರನ್ನೇ ತೆಗೆದುಕೊಳ್ಳಿ. ಪ್ರಿನ್ಸಿಪಾಲ ಕು.ಶಿ. ಹರಿದಾಸ ಭಟ್ಟರ ಹುರುಪಿನಲ್ಲಿ 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು ತಂದರು, ಸ್ಯಾಕ್ಸೋಫೋನ್ ತಂದರು, ಮಾತು ಕಡಿಮೆ ಮಾಡಿ ನೃತ್ಯಕ್ಕೆ ಜಾಗ ಕೊಟ್ಟರು. ಸಂಪ್ರದಾಯ ಕೆಡಿಸಿದರು ಅಂತ ಬೈದವರು ಕರಾವಳಿ ತುಂಬ ಇದ್ದರು. ಅವರು ಸೊಪ್ಪು ಹಾಕಲಿಲ್ಲ. ತಂಡ ಕಟ್ಟಿಕೊಂಡು ದೇಶ ವಿದೇಶ ತಿರುಗಿ ಬಂದರು.

ನನ್ನ ಲೆಕ್ಕ ಸುಲಭ. ಒಮ್ಮೆಯಾದರೂ ಗೆಜ್ಜೆ ಕಟ್ಟಿದವ ಹೇಳಿದರೆ ಕೇಳ್ತೇನೆ. ಉಳಿದವರಿಗೆ ನಮಸ್ಕಾರ.

ಮುಂದಿನ ಸಾಲು (ಸುರತ್ಕಲ್)

ಕೋಟದವರೇ, ಹಾಗಾದರೆ ನಾನು ಬಾಯಿ ಮುಚ್ಚಿ ಕೂರಬೇಕಾ?

ನಾನು ಗೆಜ್ಜೆ ಕಟ್ಟಿದವನಲ್ಲ. ಎಂಟನೇ ಕ್ಲಾಸಿನಲ್ಲಿ ಅಪ್ಪನ ಹೆಗಲ ಮೇಲಿನ ಬೈರಾಸು ಹೊದ್ದು ಕೂತವ, ಈಗ 58. ದೀಪಾವಳಿ ಕಳೆದು ಮೇಳ ಹೊರಟ ಮೇಲೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ವರೆಗೆ ವಾರಕ್ಕೊಂದು ಆಟವಾದರೂ ನೋಡದೆ ಇದ್ದ ವರ್ಷ ಇಲ್ಲ. ಮಳೆಗಾಲದಲ್ಲಿ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ಆಟ. ಯಾವ ಭಾಗವತರು (ಪದ ಹಾಡಿ ಆಟ ನಡೆಸುವವರು) ಯಾವ ಪದ್ಯವನ್ನು ಯಾವ ರಾಗದಲ್ಲಿ ಎತ್ತುಗಡೆ ಮಾಡ್ತಾರೆ ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಕುಣಿಯಲಿಕ್ಕೆ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ನನ್ನ ಈ ನಿದ್ದೆಗೆಟ್ಟ ರಾತ್ರಿಗಳಿಗೆ ಬೆಲೆ ಇಲ್ವಾ?

ಹವ್ಯಾಸಿ ತಂಡಗಳಲ್ಲಿ ನನಗೆ ಬೇಸರ ಆಗುವುದು ಇದೇ. ಆಟ ಮುಗಿದ ಕೂಡಲೇ ಶಾಲು ಹೊದಿಸಿದವರ ಮಾತು ಕೇಳ್ತಾರೆ. ಅವರಲ್ಲಿ ಎಷ್ಟೋ ಜನ ಸಭೆ ಮುಗಿಸಿ ಹೋಗಿ, ಕೊನೆಗೆ ಫೋಟೋಕ್ಕೆ ಬಂದವರು. ಚಾಪೆಯಲ್ಲಿ ಕೂತವನನ್ನು ಯಾರೂ ಕೇಳುವುದಿಲ್ಲ. ನಾವು ಹೇಳುವುದೂ ಇಲ್ಲ. ವೇಷ ಹಿಡಿಸದಿದ್ದರೆ ಎದ್ದು ಚಾ ಕುಡಿಯಲಿಕ್ಕೆ ಹೋಗ್ತೇವೆ. ನಮ್ಮ ವಿಮರ್ಶೆ ಅದು. ರಂಗಸ್ಥಳದಲ್ಲಿ ನಿಂತವರು ಯಾವ ಪದ್ಯಕ್ಕೆ ಚಾದ ಅಂಗಡಿ ತುಂಬಿತು ಅಂತ ಒಮ್ಮೆ ಗಮನಿಸಿದರೆ ಸಾಕು.

ತಂಗೀ, ಆ ಅಜ್ಜಿ ನಿಮ್ಮ ಕೈ ಹಿಡಿದು ಕೇಳಿದ್ದು ಸಣ್ಣ ಸಂಗತಿ ಅಲ್ಲ. ಇಡೀ ಆಟ ಕೂತು ನೋಡಿದ್ದಾರೆ ಅಂತ ಅದರಲ್ಲೇ ಗೊತ್ತಾಗ್ತದೆ.

‘ಮುದಿ ಅಭಿಮನ್ಯು’ ಅಂದವರ ಬಗ್ಗೆ ತಲೆಬಿಸಿ ಬೇಡ. ಐವತ್ತು ದಾಟಿದ ಕಲಾವಿದರ ಪುಂಡುವೇಷ ನೋಡಿ ಶಿಳ್ಳೆ ಹೊಡೆದವರು ನಾವೇ. ವೇಷಕ್ಕೆ ಇರುವ ಪ್ರಾಯ ವೇಷದ್ದು.

ತೆಂಕಪೇಟೆ ಹೋಟೆಲು (ಉಡುಪಿ)

ಯಕ್ಷಗಾನದ ಒಳಗುಟ್ಟು ನನಗೆ ತಿಳಿಯದು. ನಮ್ಮದು ಮೂರು ತಲೆಮಾರಿನ ಸಣ್ಣ ಹೋಟೆಲು. ‘ಚಾದ ಅಂಗಡಿ ತುಂಬಿತು’ ಅಂದದ್ದು ಓದಿ ನನ್ನ ಅಪ್ಪನ ನೆನಪಾಯ್ತು.

ಅಪ್ಪ ಹಣದ ಗಲ್ಲದಲ್ಲಿ ಕೂರುವುದಕ್ಕಿಂತ ಹೆಚ್ಚು ಹೊತ್ತು ಹಿಂದೆ, ತಟ್ಟೆ ತೊಳೆಯುವ ಕಡೆ ನಿಲ್ತಿದ್ದರು. ಯಾವ ತಟ್ಟೆಯಲ್ಲಿ ಎಂತ ಉಳಿದು ಬಂತು ಅಂತ ನೋಡುವುದು. ಚಟ್ನಿ ಮುಟ್ಟದೆ ಹಾಗೇ ಬಂದಿದೆಯಾ, ಸಾಂಬಾರಿನ ಬಟ್ಟಲಿನಲ್ಲಿ ಹೋಳು ಮಾತ್ರ ಉಳಿದಿದೆಯಾ, ಬನ್ಸಿನ ಅಂಚು ಬಿಟ್ಟಿದ್ದಾರಾ. ಗಲ್ಲದ ಹತ್ತಿರ ಗಿರಾಕಿಯನ್ನು ಕೇಳಿದರೆ ‘ಲಾಯ್ಕುಂಟು ಭಟ್ರೇ’ ಅಂತಲೇ ಹೇಳುವುದು. ತಟ್ಟೆಗೆ ದಾಕ್ಷಿಣ್ಯ ಇಲ್ಲ.

ಒಂದು ಮಳೆಗಾಲ ಸತತ ನಾಲ್ಕು ದಿನ ಗೋಳಿಬಜೆ ಅರ್ಧರ್ಧ ಉಳಿದು ಬಂತು. ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಒಂದು ತುಂಡು ಮುರಿದು ನೋಡಿದರು, ಒಳಗೆ ಹಸಿ. ಥಂಡಿಗೆ ಹಿಟ್ಟು ಹುಳಿ ಬಂದಿರಲಿಲ್ಲ, ಎಣ್ಣೆಯೂ ಜಾಸ್ತಿ ಕಾದಿತ್ತು. ಹೊರಗೆ ಕೆಂಪಾದ ಕೂಡಲೇ ಎತ್ತಿದ್ದಾರೆ. ಹಿಟ್ಟು ಎರಡು ಗಂಟೆ ಮುಂಚೆ ಕಲಸಿ ಬೆಂಕಿ ತಗ್ಗಿಸಿದ್ದೇ ತಟ್ಟೆ ಖಾಲಿ ಬರಲಿಕ್ಕೆ ಶುರುವಾಯ್ತು.

ಈಗ ಮೊಬೈಲಿನಲ್ಲಿ ನಕ್ಷತ್ರ ಕೊಡುವ ಕಾಲ. ನಮಗೂ ಒಂದು ನಕ್ಷತ್ರ ಕೊಟ್ಟು ‘ಸಾಂಬಾರು ಸಿಹಿ’ ಅಂತ ಬರೆದು ಹೋಗ್ತಾರೆ. ಉಡುಪಿಯ ಸಾಂಬಾರಿಗೆ ಬೆಲ್ಲ ಬೀಳ್ತದೆ, ಅದು ತಪ್ಪಲ್ಲ, ನಮ್ಮ ಅಡುಗೆಯೇ ಹಾಗೆ. ಅವರ ನಾಲಿಗೆಗೆ ಹಿಡಿಸಲಿಲ್ಲ, ಅದು ಅವರ ತಪ್ಪೂ ಅಲ್ಲ. ಅದೇ ಮಾತನ್ನು ದಿನಾ ಬೆಳಿಗ್ಗೆ ಬರುವ ರಿಕ್ಷಾದವರು ಹೇಳಿದರೆ ನಾನು ಪಾತ್ರೆಯ ಮುಚ್ಚಳ ತೆಗೆದು ನೋಡ್ತೇನೆ. ಅವರಿಗೆ ನಿನ್ನೆಯ ರುಚಿ ಗೊತ್ತು.

ರೀಲು ಕತ್ತರಿಸುವವ (ಸುರತ್ಕಲ್)

ಅಕ್ಕ, ನಾನು ಇಂಜಿನಿಯರಿಂಗ್ ಓದ್ತಾ ಇದ್ದೇನೆ, ಬಿಡುವಿನಲ್ಲಿ ಆಟದ ವೀಡಿಯೊ ಎಡಿಟ್ ಮಾಡ್ತೇನೆ. ‘ಕಾಲು ಚೆಂಡೆಗಿಂತ ಮುಂದೆ ಓಡ್ತಾ ಉಂಟು’ ಅನ್ನುವ ಮಾತಿನ ಬಗ್ಗೆ ಒಂದು ವಿಷಯ ಹೇಳ್ಬೇಕು.

ಆ ತುಣುಕನ್ನು ಎಷ್ಟು ದೂರದಿಂದ ತೆಗೆದದ್ದು? ಬೆಳಕು ಕಣ್ಣಿಗೆ ತಕ್ಷಣ ತಲುಪ್ತದೆ. ಶಬ್ದ ಹಾಗಲ್ಲ, ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ. ಸ್ಪೀಕರು ರಂಗಸ್ಥಳದ ಹತ್ತಿರ ಇದ್ದು, ತೆಗೆದವ 40 ಮೀಟರ್ ಹಿಂದೆ ನಿಂತಿದ್ದರೆ ಚೆಂಡೆಯ ಪೆಟ್ಟು ಅವನ ಮೊಬೈಲಿಗೆ 0.12 ಸೆಕೆಂಡು ತಡವಾಗಿ ಬರ್ತದೆ. ಕುಣಿತ ಜೋರಾಗಿ ಸೆಕೆಂಡಿಗೆ ನಾಲ್ಕು ಪೆಟ್ಟು ಬೀಳುವಾಗ ಪೆಟ್ಟಿನಿಂದ ಪೆಟ್ಟಿಗೆ 0.25 ಸೆಕೆಂಡು. ಅಂದರೆ ಹೆಚ್ಚುಕಡಿಮೆ ಅರ್ಧ ಪೆಟ್ಟು. ನೀವು ಸರಿಯಾಗಿ ಕುಣಿದರೂ ವೀಡಿಯೊದಲ್ಲಿ ಕಾಲು ಮುಂದೆ ಬಿದ್ದ ಹಾಗೇ ಕಾಣ್ತದೆ.

ಪರೀಕ್ಷೆ ಮಾಡುವುದು ಸುಲಭ. ವೀಡಿಯೊದಲ್ಲಿ ಚೆಂಡೆಯವರ ಕೋಲು ಕಾಣ್ತದಾ ನೋಡಿ. ಕೋಲು ಚೆಂಡೆಗೆ ಬಿದ್ದು ಆಮೇಲೆ ಶಬ್ದ ಕೇಳಿದರೆ ತಪ್ಪು ದೂರದ್ದು. ಆಗ ಶಬ್ದ ಪೂರ್ತಿ ಬಂದ್ ಮಾಡಿ, ಕೋಲು ಮತ್ತು ನಿಮ್ಮ ಕಾಲು ಎರಡನ್ನೇ ಹೋಲಿಸಿ, ನಿಧಾನ ಮಾಡಿ ನೋಡಿ. ಸತ್ಯ ಗೊತ್ತಾಗ್ತದೆ.

ಕದ್ರಿಯ ಗೆಜ್ಜೆ

ತಮ್ಮಾ, ಇದು ನನಗೆ ಹೊಳೆದೇ ಇರಲಿಲ್ಲ. ಅದನ್ನು ತೆಗೆದದ್ದು ಹಿಂದೆ ಐಸ್‌ಕ್ರೀಮ್ ಗಾಡಿ ನಿಂತಿದ್ದ ಕಡೆಯಿಂದ. ಅಲ್ಲಿಂದ ರಂಗಸ್ಥಳಕ್ಕೆ ಐವತ್ತು ಹೆಜ್ಜೆಗಿಂತ ಕಮ್ಮಿ ಇಲ್ಲ. ಸ್ಪೀಕರು ಎರಡೂ ಮುಂದೆಯೇ ಇತ್ತು. ಕೋಲು ಕಾಣ್ತದೆ. ನೋಡಿ ಹೇಳ್ತೇನೆ.

ಚೆಂಡೆಕೋಲು (ಉಡುಪಿ)

ನಾನು ಹಿಮ್ಮೇಳದವ. ಆ ಆಟಕ್ಕೆ ಬಾರಿಸಿದ್ದು ನಾನಲ್ಲ, ಆದರೂ ಇದು ನಮ್ಮ ಬದಿಯ ಮಾತು, ಹೇಳ್ತೇನೆ.

ಚೆಂಡೆಯವನು ವೇಷದಿಂದ ಐದಾರು ಅಡಿ ದೂರದಲ್ಲಿರ್ತಾನೆ. ನಮಗೆ ಮುಖ ಸರಿಯಾಗಿ ಕಾಣುವುದಿಲ್ಲ, ಹೆಚ್ಚಿನ ಹೊತ್ತು ಬೆನ್ನೋ ಬದಿಯೋ ಕಾಣುವುದು. ಕಣ್ಣೆಲ್ಲ ಕಾಲಿನ ಮೇಲೆ. ಮುಕ್ತಾಯಕ್ಕೆ ಎಲ್ಲಿ ಬರ್ತಾರೆ, ಬಿಡ್ತಿಗೆಗೆ (ಚೆಂಡೆ ಮದ್ದಳೆಗೆ ಕುಣಿಯುವ ತುಂಡಿಗೆ) ತಯಾರಿದ್ದಾರಾ, ದಿಗಿಣ ಹಾಕಿ (ಹಾರಿ ಸುತ್ತಿ) ಇಳಿಯುವ ಕಾಲು ಯಾವುದು, ಅದನ್ನೇ ಕಾಯ್ತೇವೆ. ಆದ್ದರಿಂದ ಕಾಲಿನ ವಿಷಯದಲ್ಲಿ ಚೆಂಡೆಯವನ ಮಾತು ತೆಗೆದುಹಾಕಬೇಡಿ. ಭಾವದ ವಿಷಯದಲ್ಲಿ ನಮ್ಮ ಮಾತನ್ನು ಅಷ್ಟು ನೆಚ್ಚಬೇಡಿ, ನಮಗೆ ಅದು ಕಾಣುವುದೇ ಇಲ್ಲ. ಅಜ್ಜಿ ಕೂತದ್ದು ಎದುರಿಗೆ. ಅವರಿಗೆ ತ್ರಿವುಡೆ ತಾಳಕ್ಕೆ ಪೆಟ್ಟು ಏಳಾ ಎಂಟಾ ಗೊತ್ತಿರಲಿಕ್ಕಿಲ್ಲ, ಆದರೆ ನಿಮ್ಮ ಕಣ್ಣು ಎತ್ತ ಹೋಯ್ತು ಅನ್ನುವುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಇಲ್ಲ.

ಕೋಟದವರು ಗೆಜ್ಜೆ ಕಟ್ಟಿದವ ಹೇಳಿದರೆ ಮಾತ್ರ ಕೇಳ್ತೇನೆ ಅಂದರು. ನಾನು ಕೇಳುವುದು ಬೇರೆ. ಎಲ್ಲಿ ಕೂತು ನೋಡಿದರು? ಎಷ್ಟು ಹೊತ್ತು ಕೂತರು? ಆ ಜಾಗದಿಂದ ಎಂತ ಕಾಣ್ತದೆ, ಎಂತ ಕಾಣುವುದಿಲ್ಲ? ದೊಡ್ಡ ವಿದ್ವಾಂಸರೂ ಅರ್ಧ ಗಂಟೆ ನೋಡಿ ಹೋದರೆ ಅವರ ಮಾತು ಅರ್ಧ ಗಂಟೆಯದ್ದೇ.

ಮುಕ್ತಾಯಕ್ಕೆ ಮುಂಚೆ ಕಾಲು ನಿಲ್ಲುವ ದೋಷ ಹೊಸಬರಲ್ಲಿ ತುಂಬ ಉಂಟು. ಹೆಚ್ಚಾಗಿ ತಾಳ ಗೊತ್ತಿಲ್ಲದೆ ಅಲ್ಲ, ಉಸಿರು ಸಾಲದೆ. ಅಭ್ಯಾಸ ಮಾಡುವುದು ಚೂಡಿದಾರದಲ್ಲಿ, ಕುಣಿಯುವುದು ಕಿರೀಟ, ಎದೆಕಟ್ಟು, ಭುಜಕೀರ್ತಿ ಎಲ್ಲ ಹೊತ್ತು. ಕೊನೆಯ ಸುತ್ತಿಗೆ ಉಸಿರು ಮುಗಿದಾಗ ಕಾಲು ತಾನಾಗಿ ನಿಲ್ಲಲಿಕ್ಕೆ ನೋಡ್ತದೆ. ಬಾಯಿಯಲ್ಲಿ ಬಾಯಿತಾಳ (ತಾಳದ ಅಕ್ಷರ) ಹೇಳ್ತಾ ಕುಣಿದು ನೋಡಿ. ಎಲ್ಲಿ ಬಾಯಿ ನಿಲ್ತದೋ ನಿಮ್ಮ ಉಸಿರು ಅಲ್ಲಿ ಮುಗಿಯುವುದು.

ನಿವೃತ್ತ ಮೇಷ್ಟ್ರು (ಕಾರ್ಕಳ)

ಚೆಂಡೆಯವರ ಮಾತು ಬಹಳ ಹಿಡಿಸಿತು. ನಮ್ಮ ನೆರೆಯ ನಂದಳಿಕೆಯ ಒಬ್ಬರ ಬಗ್ಗೆ ಹೇಳಲು ಮನಸ್ಸಾಯಿತು.

ಮುದ್ದಣ ಎಂದರೆ ಎಲ್ಲರಿಗೂ ಗೊತ್ತು. ನಂದಳಿಕೆ ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870ರಲ್ಲಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ಯಕ್ಷಗಾನ ಪ್ರಸಂಗಗಳನ್ನೂ ಬರೆದವರು. ತಮ್ಮ ಕಾವ್ಯವನ್ನು ಮೈಸೂರಿನ ಪತ್ರಿಕೆಗೆ ಕಳಿಸುವಾಗ ತಾನು ಬರೆದದ್ದು ಎಂದು ಹೇಳಲಿಲ್ಲ, ಹಳೆಯ ಕವಿಯೊಬ್ಬನ ಕೃತಿ ಎಂದು ಕಳಿಸಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಇದನ್ನೆಲ್ಲ ಬರೆದವರು ಈ ಡ್ರಿಲ್ ಮೇಷ್ಟ್ರೇ ಎಂಬುದು ನಾಡಿಗೆ ಸರಿಯಾಗಿ ತಿಳಿದದ್ದು ಅವರು ಹೋದ ಮೇಲೆ.

ಯಾಕೆ ಹೆಸರು ಮುಚ್ಚಿಟ್ಟರೋ, ಅವರ ಮನಸ್ಸು ಅವರಿಗೇ ಗೊತ್ತು. ನಾನು ನಲವತ್ತು ವರ್ಷ ಪಾಠ ಮಾಡುವಾಗ ಪ್ರತಿ ಸಲವೂ ನನಗೆ ಅನ್ನಿಸಿದ್ದು: ಬರೆದವ ಯಾರು ಎಂದು ನೋಡಿ ತೂಗುವವರ ಕೈಗೆ ತನ್ನ ಕೆಲಸ ಕೊಡಲು ಅವರಿಗೆ ಧೈರ್ಯ ಬರಲಿಲ್ಲ. ಆದರೆ ಅವರು ಕೇಳುಗರನ್ನೇ ಬೇಡವೆಂದವರಲ್ಲ. ತಮ್ಮ ಕಥೆಯ ಒಳಗೇ ಮನೋರಮೆಯನ್ನು ಕೂರಿಸಿಕೊಂಡರು. ಮಳೆಗಾಲದಲ್ಲಿ ಕಥೆ ಕೇಳುತ್ತ ಕೂತ ಮಡದಿ ಅವಳು. ಅರ್ಥವಾಗದ ಸಂಸ್ಕೃತ ಬಂದರೆ ಅಲ್ಲೇ ತಡೆಯುತ್ತಾಳೆ, ತಿಳಿಗನ್ನಡದಲ್ಲಿ ಹೇಳು ಎನ್ನುತ್ತಾಳೆ. ಪಂಡಿತೆಯೆಂಬ ಬಿರುದು ಅವಳಿಗಿಲ್ಲ, ಕಥೆ ಮುಗಿಯುವ ತನಕ ಎದ್ದು ಹೋಗುವವಳೂ ಅಲ್ಲ. ಕದ್ರಿಯವರೇ, ನಿಮ್ಮ ಚಾಪೆಯ ಅಜ್ಜಿಯನ್ನು ಓದಿದಾಗ ನನಗೆ ನೆನಪಾದದ್ದು ಅವಳು.

ಬಡಗಿನವ

ಮೇಷ್ಟ್ರೇ, ಮನೋರಮೆಯನ್ನು ಬರೆದವರೂ ಮುದ್ದಣರೇ ಅಲ್ವಾ? ತಾನೇ ಆರಿಸಿಕೊಂಡ ಟೀಕಾಕಾರಳು. ತನಗೆ ತಾಳುವಷ್ಟೇ ಅವಳು ಹೇಳ್ತಾಳೆ. ನಾವೆಲ್ಲ ಮಾಡುವುದೂ ಅದನ್ನೇ ಅಂತ ನನಗೆ ಕಾಣ್ತದೆ. ಸಹಿಸಲಿಕ್ಕೆ ಆಗುವ ಮಾತು ಹೇಳುವವರನ್ನು ಹುಡುಕಿ ‘ಇವರು ಬಲ್ಲವರು’ ಅಂತ ಹೆಸರಿಡುವುದು.

ನಿವೃತ್ತ ಮೇಷ್ಟ್ರು

ಅದು ನಿಜವಾದ ಅಪಾಯ, ಒಪ್ಪುತ್ತೇನೆ. ಆದರೆ ಅವಳು ಮುದ್ದಣನಿಗೆ ಹಿತವಾದದ್ದನ್ನೇ ಹೇಳುವುದಿಲ್ಲ. ಅವನು ಪಾಂಡಿತ್ಯ ತೋರಿಸಲು ಹೊರಟಲ್ಲೇ ಅವಳ ಕೈ ಅಡ್ಡ ಬರುತ್ತದೆ. ತಾನೇ ಆರಿಸಿದವರಾದರೂ ತನಗೆ ಪ್ರಿಯವಾದ ಜಾಗದಲ್ಲೇ ತಡೆದರೆ ಅವರು ಬೇಕಾದವರು.

ಇನ್ನೊಂದು, ಕಾರಂತರ ವಿಷಯ. ಟೀಕೆಗೆ ಸೊಪ್ಪು ಹಾಕಲಿಲ್ಲ ಎಂದಿರಿ. ಅವರು ಅದಕ್ಕೆ ಮೊದಲು ಎಷ್ಟೋ ವರ್ಷ ಬಯಲಾಟ ನೋಡುತ್ತ, ಹಳಬರನ್ನು ಕೇಳುತ್ತ, ಹಳೆಯ ಪ್ರಸಂಗಗಳನ್ನು ಹುಡುಕುತ್ತ ಊರೂರು ತಿರುಗಿದವರು. ಅಷ್ಟು ಕೇಳಿದ ಮೇಲೆ ಕೇಳದೆ ಇರಲು ಅವರಿಗೆ ಬಲ ಇತ್ತು. ಆರಂಭದಲ್ಲೇ ಕಿವಿ ಮುಚ್ಚಿಕೊಳ್ಳುವವರಿಗೆ ಆ ಉದಾಹರಣೆ ಹೊಂದುವುದಿಲ್ಲ.

ಬಡಗಿನವ

ಅದು ಹೌದು ಮೇಷ್ಟ್ರೇ. ಆ ಬದಿ ನಾನು ಆಲೋಚನೆ ಮಾಡಿರಲಿಲ್ಲ.

ರಾತ್ರಿಪಾಳಿ (ಮಣಿಪಾಲ)

ನಾನು ನರ್ಸ್, ಬಿಡುವಿದ್ದಾಗ ಹವ್ಯಾಸಿ ತಂಡದಲ್ಲಿ ಸ್ತ್ರೀವೇಷ ಮಾಡ್ತೇನೆ. ಇಲ್ಲಿ ಎಲ್ಲರೂ ಒಳ್ಳೆಯ ಮಾತು ಆಡಿದ್ದಾರೆ, ಆದರೆ ‘ಹೆಂಗಸರಿಗೆ ಪುಂಡುವೇಷ ಯಾಕೆ’ ಅನ್ನುವುದರ ಮೇಲೆ ಯಾರೂ ನಿಲ್ಲಲಿಲ್ಲ. ನಾನು ನಿಲ್ತೇನೆ.

ಅದು ಟೀಕೆಯೇ ಅಲ್ಲ. ಟೀಕೆ ಅಂದ ಮೇಲೆ ತಿದ್ದಿಕೊಳ್ಳಲಿಕ್ಕೆ ಎಂತದಾದರೂ ಇರಬೇಕು. ‘ಕಾಲು ಮುಂಚೆ ನಿಲ್ತದೆ’ ಅಂದರೆ ತಿದ್ದಬಹುದು. ‘ಕಣ್ಣು ಎತ್ತಲೋ ಇತ್ತು’ ಅಂದರೆ ತಿದ್ದಬಹುದು. ನೀನು ಹೆಂಗಸು ಅಂದರೆ ಎಂತ ತಿದ್ದುವುದು? ಎಷ್ಟು ತಲೆಮಾರಿನಿಂದ ಗಂಡಸರು ಸೀತೆ, ದ್ರೌಪದಿ, ದಮಯಂತಿ ಆಗಿದ್ದಾರೆ, ನಾವು ನೋಡಿ ಕಣ್ಣೀರು ಹಾಕಿದ್ದೇವೆ. ವೇಷಕ್ಕೆ ಅವರಲ್ಲಿ ಇಲ್ಲದ ಅಡ್ಡಿ ನಮ್ಮಲ್ಲಿ ಎಲ್ಲಿಂದ ಬಂತು?

ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೆಂಗಸು ಜಾಗಟೆ ಹಿಡಿಯುವುದಾ ಅಂತ ಕೇಳುವವರಿಗೆ ಅವರು ಚರ್ಚೆಯಲ್ಲಿ ಉತ್ತರ ಕೊಡಲಿಕ್ಕೆ ಹೋಗಿದ್ದರೆ ನಮಗೆ ಆ ಪದಗಳು ಸಿಗ್ತಿರಲಿಲ್ಲ. ಅವರು ಪಾಠ ಹೇಳಿಸಿಕೊಂಡದ್ದು ಮದ್ದಳೆಗಾರರಾದ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ, ಲಯ ತಪ್ಪಿದರೆ ಪಕ್ಕದಲ್ಲೇ ಗೊತ್ತಾಗುವವರಿಂದ.

ಇನ್ನು ರಾತ್ರಿ ಎರಡು ಗಂಟೆಗೆ ಎದ್ದು ಓದಿದ್ದು ಅಂದಿರಲ್ಲ ಅಕ್ಕ, ಅದನ್ನು ದಯವಿಟ್ಟು ನಿಲ್ಲಿಸಿ. ನನಗೂ ಒಮ್ಮೆ ಹಾಗೇ ಆಗಿತ್ತು. ಕೆಲಸಕ್ಕೆ ಹೋದರೆ ಕೈ ನಡುಗ್ತಿತ್ತು, ರೋಗಿಗೆ ಸೂಜಿ ಹಾಕುವ ಕೈ ಅದು. ಆಮೇಲೆ ಮಗಳ ಹತ್ತಿರ ಮೊಬೈಲು ಕೊಟ್ಟೆ. ‘ಯಾವ ಪದ್ಯ, ಯಾವ ಜಾಗ, ಎಂತ ತಪ್ಪು ಅಂತ ಹೇಳಿದವರ ಮಾತು ಮಾತ್ರ ಒಂದು ಪುಸ್ತಕದಲ್ಲಿ ಬರೆದಿಡು, ಉಳಿದದ್ದು ನನಗೆ ಹೇಳಬೇಡ’ ಅಂದೆ. ಎಂಬತ್ತರಷ್ಟು ಮಾತಿನಲ್ಲಿ ಅವಳು ಬರೆದಿಟ್ಟದ್ದು ನಾಲ್ಕು. ಮರುವಾರ ಆ ನಾಲ್ಕನ್ನು ಹಿಡಿದು ಅಭ್ಯಾಸಕ್ಕೆ ಹೋದೆ. ಹೊಗಳಿದ್ದಕ್ಕೂ ಅದೇ ನಿಯಮ ಅಂತ ಹೇಳಿದ್ದೆ. ಹೊಗಳಿಕೆಯಲ್ಲಿ ಪುಸ್ತಕಕ್ಕೆ ಏರಿದ್ದು ಒಂದೇ ಒಂದು: ‘ಪತ್ರ ಓದುವಾಗ ಕೈ ನಿಧಾನ ಇಳಿದದ್ದು ಲಾಯ್ಕಾಯ್ತು’. ಅದನ್ನು ಈಗಲೂ ಹಾಗೇ ಮಾಡ್ತೇನೆ.

ಮುಂದಿನ ಸಾಲು

ಮಣಿಪಾಲದ ತಂಗಿಯ ಮಾತು ಪೂರ್ತಿ ಒಪ್ಪಿದೆ. ಒಂದು ಸೇರಿಸ್ತೇನೆ. ಕೆಟ್ಟ ಬಾಯಿಂದ ಬಂತು ಅಂತ ಸರಿಯಾದ ಮಾತನ್ನು ಬಿಟ್ಟುಬಿಡಬೇಡಿ. ‘ಇವಳಿಗೆ ಕಲಿಸಿದವ ಯಾರು’ 

ಅನ್ನುವುದು ಹೊಲಸು. ‘ಕಾಲು ಮುಂದೆ’ ಅನ್ನುವುದು ಪರೀಕ್ಷೆ ಮಾಡಲಿಕ್ಕೆ ಆಗುವ ಮಾತು. ಒಂದೇ ವಾಕ್ಯದಲ್ಲಿ ಎರಡೂ ಉಂಟು. ಮೀನು ಕೊಯ್ಯುವಾಗ ಮಾಡಿದ ಹಾಗೆ ಮಾಡಬೇಕು, ಹೊಟ್ಟೆಯದ್ದು ತೆಗೆದು ಬಿಸಾಡಿ ಉಳಿದದ್ದು ಪಾತ್ರೆಗೆ.

ರಾತ್ರಿಪಾಳಿ

ಅಣ್ಣಾ, ಒಂದೆರಡು ಆದರೆ ಕೊಯ್ದು ತೆಗೆಯಬಹುದು. ನೂರು ಬಂದರೆ ಮನುಷ್ಯಳಿಗೆ ಆಗುವುದಿಲ್ಲ. ಬೈಸಿಕೊಂಡವಳೇ ಕೂತು ಕೊಯ್ಯಬೇಕು ಅನ್ನುವುದೂ ನ್ಯಾಯ ಅಲ್ಲ. ಅದಕ್ಕೇ ಇನ್ನೊಬ್ಬರ ಕೈ ಬೇಕು ಅಂದದ್ದು.

ಮುಂದಿನ ಸಾಲು

ಸರಿ. ಅದು ನನಗೆ ತೋಚಲಿಲ್ಲ, ನಿಜ.

ಕದ್ರಿಯ ಗೆಜ್ಜೆ

ಹನ್ನೆರಡು ದಿನ ಕಳೆಯಿತು. ನೀವೆಲ್ಲ ಇಷ್ಟು ಸಮಯ ಕೊಟ್ಟಿದ್ದೀರಿ, ಆದದ್ದು ಹೇಳದೆ ಇದ್ದರೆ ಆಗುವುದಿಲ್ಲ.

ಮೊದಲು ವೀಡಿಯೊ. ತಮ್ಮ ಹೇಳಿದ ಹಾಗೇ ಮಾಡಿದೆ. ಚೆಂಡೆಯವರ ಕೋಲು ಬಿದ್ದ ಮೇಲೆ ಶಬ್ದ ಬರ್ತದೆ, ಸ್ಪಷ್ಟ ಕಾಣ್ತದೆ. ಅಂದರೆ ಇಡೀ ತುಣುಕಿನಲ್ಲಿ ನನ್ನ ಕಾಲು ಮುಂದೆ ಓಡಿದ ಹಾಗೆ ಕಂಡದ್ದು ಐಸ್‌ಕ್ರೀಮ್ ಗಾಡಿಯ ದೂರದಿಂದ. ಒಂದು ಗಳಿಗೆ ಎಷ್ಟು ಖುಷಿ ಆಯ್ತು ಅಂದರೆ ಎಲ್ಲರಿಗೂ ಬರೆದು ತಿಳಿಸುವ ಅಂತ ಹೊರಟೆ. ಆಮೇಲೆ ಶಬ್ದ ತೆಗೆದು, ನಿಧಾನ ಮಾಡಿ, ಕೋಲು ಕಾಲು ಎರಡನ್ನೇ ನೋಡಿದೆ. ನಡುವಿನಲ್ಲೆಲ್ಲ ಸರಿ ಉಂಟು. ಕೊನೆಗೆ, ಮುಕ್ತಾಯದಲ್ಲಿ, ಕೋಲು ಇನ್ನೂ ಮೇಲಿದೆ, ನನ್ನ ಕಾಲು ನಿಂತಾಗಿದೆ. ಮೂರು ಸಲ ನೋಡಿದೆ. ಚೌಕಿಯಲ್ಲಿ ಚೆಂಡೆಯವರು ಹೇಳಿದ್ದು ಎಷ್ಟೋ ಅಷ್ಟೇ, ಒಂದು ಕೂದಲು ಹೆಚ್ಚಿಲ್ಲ ಕಮ್ಮಿ ಇಲ್ಲ.

ಬಾಯಿತಾಳ ಹೇಳ್ತಾ ಕುಣಿದೆ. ಎರಡನೇ ಸುತ್ತು ಮುಗಿಯುವಾಗ ಬಾಯಿ ನಿಂತಿತು. ಈಗ ದಿನಾ ಬೆಳಿಗ್ಗೆ ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು ಮಾಡ್ತಾ ಇದ್ದೇನೆ, ಗೆಜ್ಜೆ ಕಟ್ಟಿಕೊಂಡೇ. ಅಭ್ಯಾಸಕ್ಕೆ ಕಿರೀಟ, ಎದೆಕಟ್ಟು ಕೊಡ್ತೀರಾ ಅಂತ ವೇಷಭೂಷಣದವರನ್ನು ಕೇಳಿದ್ದೇನೆ.

ಅಜ್ಜಿಯ ಮಾತು ಹಿಡಿದುಕೊಂಡು ಗುರುಗಳ ಹತ್ತಿರ ಹೋದೆ. ಸುಭದ್ರೆ ಮಗನನ್ನು ಕಳಿಸಲಾರದೆ ಅಳುವಾಗ ನಾನು ಎಂತ ಮಾಡ್ತಿದ್ದೆ ಅಂತ ನನಗೆ ಗೊತ್ತು. ಮುಂದಿನ ಮಾತು ಮರೆತುಹೋದೀತು ಅಂತ ಮನಸ್ಸಿನಲ್ಲೇ ಒಪ್ಪಿಸ್ತಾ ಇದ್ದೆ. ಕಣ್ಣು ಜನರ ತಲೆಯ ಮೇಲಿಂದ ಎಲ್ಲೋ ಇತ್ತು. ಅದನ್ನು ಹೇಳಿದಾಗ ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನು ನಿನಗೆ ಪ್ರವೇಶ ಹೇಳಿಕೊಟ್ಟೆ, ಯುದ್ಧ ಹೇಳಿಕೊಟ್ಟೆ. ಸುಮ್ಮನೆ ನಿಲ್ಲುವುದು ಹೇಳಿಕೊಡಲಿಲ್ಲ. ಅವತ್ತು ಅದು ನನಗೂ ಕಂಡಿತ್ತು, ಮೊದಲ ದೊಡ್ಡ ವೇಷ ಅಂತ ಅಡ್ಡಿಲ್ಲ ಅಂದೆ’ ಅಂದರು. ಆ ‘ಅಡ್ಡಿಲ್ಲ’ದೊಳಗೆ ಇಷ್ಟು ಇತ್ತು, ನಾನು ಕೇಳಲೇ ಇಲ್ಲ. ಇನ್ನು ಮೇಲೆ ಕೇಳ್ತೇನೆ. ಅವತ್ತು ಒಂದೂವರೆ ಗಂಟೆ ಬರೀ ನಿಲ್ಲುವ ಪಾಠ ಆಯ್ತು. ಸುಭದ್ರೆ ಮಾಡುವವಳು ಮಾತಾಡುವುದು, ನಾನು ಅವಳ ಕೈ ನೋಡುವುದು, ಮುಖ ನೋಡಲಾರದೆ. ಕೊನೆಯ ಮಾತಿಗೆ ಮಾತ್ರ ತಲೆ ಎತ್ತುವುದು. ಆ 50 ಸೆಕೆಂಡಿನಲ್ಲಿ ಸುಭದ್ರೆಯೇ ಇರಲಿಲ್ಲ, ಅದನ್ನು ನೋಡಿ ಬರೆದ ನೂರು ಜನರಲ್ಲಿ ಒಬ್ಬರಿಗೂ ಇದು ಗೊತ್ತಾಗುವ ಹಾಗಿರಲಿಲ್ಲ.

ಮೊಬೈಲಿನ ಮಾತುಗಳನ್ನು ಮಣಿಪಾಲದ ತಂಗಿ ಹೇಳಿದ ಹಾಗೆ ಅಕ್ಕನ ಮಗಳ ಕೈಗೆ ಕೊಟ್ಟೆ. ಐದು ಬರೆದಿಟ್ಟಿದ್ದಾಳೆ. ಕಿರೀಟ ಎಡಕ್ಕೆ ವಾಲಿತ್ತು ಅಂತ ಒಂದು, ಅದು ಸರಿ. ಉಳಿದ ನಾಲ್ಕು ಇನ್ನೂ ನೋಡಬೇಕು. ಚಿಕ್ಕಮ್ಮನಿಗೆ ಫೋನು ಮಾಡಿ, ನಿಮಗೆ ಯಾವ ಜಾಗ ಲಾಯ್ಕ ಕಂಡದ್ದು ಅಂತ ಕೇಳಿದೆ. ಪಾಪ, ಅವರಿಗೆ ಹೇಳಲಿಕ್ಕೆ ಆಗಲಿಲ್ಲ, ನಿನ್ನನ್ನು ಅಲ್ಲಿ ನೋಡಿದ್ದೇ ಖುಷಿ ಅಂದರು. ಅದು ಪ್ರೀತಿ, ನನಗೆ ಬೇಕು. ಅಭ್ಯಾಸದ ಪುಸ್ತಕಕ್ಕೆ ಬರೆಯಲಿಲ್ಲ ಅಷ್ಟೇ.

ಮುಂದಿನ ಆಟ ಬರುವ ತಿಂಗಳು, ಅದೇ ವೇಷ. ಸುರತ್ಕಲಿನ ಅಣ್ಣ, ನೀವು ಬಂದು ಚಾಪೆಯಲ್ಲಿ ಕೂರಬೇಕು. ಚಾ ಕುಡಿಯಲಿಕ್ಕೆ ಎದ್ದರೆ ಯಾವ ಪದ್ಯಕ್ಕೆ ಎದ್ದದ್ದು ಅಂತ ನೆನಪಿಟ್ಟುಕೊಂಡು ಹೇಳಿ. ಅಜ್ಜಿಯ ಮನೆ ಯಾವುದು ಅಂತ ದೇವಸ್ಥಾನದ ಹೂವಿನವರ ಹತ್ತಿರ ವಿಚಾರಿಸಿದ್ದೇನೆ. ಸಿಕ್ಕಿದರೆ ನಾನೇ ಹೋಗಿ ಕರೆದುಕೊಂಡು ಬರ್ತೇನೆ.

ಮುಂದಿನ ಸಾಲು

ಬರ್ತೇನೆ ತಂಗೀ. ಬೈರಾಸು ತರ್ತೇನೆ.

ಚೆಂಡೆಕೋಲು

ಅಕ್ಕ, ಮೆಟ್ಟಿಲು ಹತ್ತುವುದು ಒಳ್ಳೆಯದೇ, ಆದರೆ ಇಳಿಯುವಾಗ ಗೆಜ್ಜೆ ಬೇಡ, ಮಂಡಿಗೆ ಪೆಟ್ಟಾಗ್ತದೆ. ಬರುವ ಶನಿವಾರ ನನಗೆ ಮಂಗಳೂರಿನಲ್ಲಿ ಕೆಲಸ ಉಂಟು, ಸಂಜೆ ಆರಕ್ಕೆ ಬಿಡುವು. ನಿಮ್ಮ ಗುರುಗಳು ಒಪ್ಪಿದರೆ ಚೆಂಡೆ ಹಿಡಿದುಕೊಂಡು ಬರ್ತೇನೆ, ಮುಕ್ತಾಯ ಒಂದನ್ನೇ ಇಪ್ಪತ್ತು ಸಲ ಬಾರಿಸುವ.